ದೂಮಪ್ಪ ಇದ್ದಲ್ಲಿ ‘ಬಿಡು’ ಇಲ್ಲ

ಗಂಡಸರು ಕೆಲಸಕ್ಕೆ ಹೊರಡುವಾಗ ಏನಾದರೊಂದನ್ನು ತೊಡುತ್ತಾರೆ. ದೂಮಪ್ಪ ಕೆಲಸಕ್ಕೆ ಬಂದು ಒಂದೊಂದನ್ನೇ ಕಳಚುತ್ತಿದ್ದ. ಹೆಗಲ ಮೇಲಿನ ಬೈರಾಸು ಗೋಡೆಯ ಮೊಳೆಗೆ, ಬೆರಳಿನ ಉಂಗುರ ಎಲೆಯಡಿಕೆಯ ಡಬ್ಬಿಗೆ. ಮಣಿಕಟ್ಟಿನ ಮಂತ್ರಿಸಿದ ನೂಲನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಅದನ್ನೂ ಡಬ್ಬಿಗೆ ಹಾಕುತ್ತಿದ್ದ. ಕೊನೆಗೆ ಮುಂಡು ಬಿಚ್ಚಿದರೆ ಒಳಗೆ ಬಿಗಿಯಾದ ಖಾಕಿ ಚಡ್ಡಿ. ಹೆಗಲಿನಲ್ಲಿ ಬೈರಾಸಿಲ್ಲದ ಗಂಡಸೆಂದರೆ ಅರ್ಧ ಬತ್ತಲೆ ಎಂದು ಮಂಗಳೂರು ನಗುತ್ತಿದ್ದ ಕಾಲವದು. ಇವನನ್ನು ನೋಡಿ ಮಾತ್ರ ಯಾರೂ ನಗಲಿಲ್ಲ. ಆಹಾ, ಏನು ಶಿಸ್ತು ಎಂದರು. ಒಂದು ದಿನ ನಾನೂ ಚಡ್ಡಿ ಹಾಕಿ ಬಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಫಳ್ನೀರಿನ ಆ ಶೆಡ್ಡಿನಲ್ಲಿ ನಾವು ಬಸ್ಸುಗಳಿಗೆ ಮರದ ಮೈ ಕಟ್ಟುತ್ತಿದ್ದೆವು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾತು. ದೂಮಪ್ಪ ಕೂಳೂರಿನವನು, ನನ್ನ ಓರಗೆಯವನೇ. ಆದರೆ ಕೆಲಸಕ್ಕೆ ಸೇರಿದ್ದು ನನ್ನ ನಂತರ. ಒತ್ತಿ ಹೇಳುತ್ತೇನೆ, ನನ್ನ ನಂತರ. ಎದೆಗೆ ಆನಿಸಿ ತಿರುಗಿಸುವ ಬೈರಿಗೆಯಿಂದ ಮರ ಕೊರೆದು ಕೊರೆದು ನನ್ನ ಎದೆಯ ಚರ್ಮ ದಡ್ಡುಗಟ್ಟಿತ್ತು. ಹಾಗಿರುವಾಗ ನಮ್ಮ ಧನಿಗಳು ಬೊಂಬಾಯಿಯಿಂದ ಕರೆಂಟಿನ ಕೈ ಡ್ರಿಲ್ಲು ತರಿಸಿದರು. ಪೆಟ್ಟಿಗೆ ತೆರೆದಾಗ ನಾನು ಕೈ ಚಾಚಿಯೇ ನಿಂತಿದ್ದೆ. ಅವರು ಅದನ್ನು ಎತ್ತಿ ದೂಮಪ್ಪನ ಕೈಗೆ ಕೊಟ್ಟರು.

“ಅವನ ಮೈಮೇಲೆ ಸಿಕ್ಕಿಹಾಕಿಕೊಳ್ಳುವಂಥದ್ದು ಎಂತದೂ ಇಲ್ಲ, ನೋಡು,” ಎಂದರು ನನ್ನ ಕಡೆ ತಿರುಗಿ. ನನ್ನ ಬೈರಾಸು ಎರಡೂ ಕಡೆ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಅದಕ್ಕೆ ನಾನೇನು ಮಾಡಲಿ? ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಅವನೇ ರಾಜ. ಮೋಟಾರು ಸೈಕಲ್ಲಿನವರು ಹಾಕುವಂಥ ದೊಡ್ಡ ಕನ್ನಡಕ ಏರಿಸಿ, ಕಾಲು ಅಗಲಿಸಿ ನಿಂತು ಅವನು ಡ್ರಿಲ್ಲು ಹಿಡಿದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಯಾರಾದರೂ ಒಂದು ಕೈಯಲ್ಲಿ ಎತ್ತಿ ನೋಡಲು ಹೋದರೆ, “ಇದು ಸಾಕಿದ ನಾಯಿ ಅಲ್ಲ ಮಾರಾಯ, ಎರಡೂ ಕೈಯಲ್ಲಿ ಹಿಡಿ,” ಎನ್ನುತ್ತಿದ್ದ. ಸ್ವಿಚ್ಚು ಆರಿಸಿದ ಮೇಲೂ ಅದನ್ನು ಕೆಳಗಿಡುತ್ತಿರಲಿಲ್ಲ. “ಕರೆಂಟು ಹೋಯ್ತು ಅಂತ ಇದಕ್ಕೆ ಗೊತ್ತಾಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು. ಪೂರಾ ನಿಲ್ಲಲಿ.” ನನ್ನ ಹೆಂಡತಿ ಬುತ್ತಿ ತಂದವಳು ಅವನನ್ನೇ ನೋಡುತ್ತಾ, “ಅವರು ಎಷ್ಟು ಜಾಗ್ರತೆ, ಅಲ್ವಾ?” ಎಂದಳು. ಅವತ್ತಿನ ಬುತ್ತಿ ಮುಚ್ಚಳ ತೆಗೆಯದೆ ಅವಳ ಕೈಯಲ್ಲೇ ಮನೆಗೆ ಹೋಯಿತು.

ಮಳೆಗಾಲದ ತೇವಕ್ಕೆ ಡ್ರಿಲ್ಲಿನ ಸ್ವಿಚ್ಚು ಕೆಟ್ಟು ಒತ್ತಿದಂತೆಯೇ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ಕುಲಶೇಖರದ ಬಡಗಿ ಲಾದ್ರು ಗೋಡೆಯ ಸ್ವಿಚ್ಚಿನ ಹತ್ತಿರ ನಿಲ್ಲಬೇಕಾಯಿತು. ಗದ್ದೆಗೆ ನೀರು ಬಿಟ್ಟ ಹಾಗೆ ಕರೆಂಟನ್ನೂ ಬಿಡುವುದು ಎನ್ನುವುದೇ ನಮ್ಮ ರೂಢಿ. ದೂಮಪ್ಪ “ಬಿಡು” ಅಂದರೆ ಲಾದ್ರು ಸ್ವಿಚ್ಚು ಒತ್ತಬೇಕು.

ಒಂದು ಬೆಳಿಗ್ಗೆ ದೂಮಪ್ಪ ಹಲಗೆಯ ಮೇಲೆ ಮಂಡಿ ಊರಿ ಡ್ರಿಲ್ಲಿನ ಅಲಗು ಬದಲಿಸುತ್ತಿದ್ದ. ಹಲಗೆಯ ಇನ್ನೊಂದು ತುದಿ ಹಿಡಿದಿದ್ದವನು ನಾನು. ಅದು ಜಾರಿ ನನ್ನ ಬೆರಳು ಅಡಿಗೆ ಸಿಕ್ಕಿತು. ಜೀವ ಹೋದಂತಾಗಿ, “ಬಿಡು ಮಾರಾಯ, ಬಿಡು!” ಎಂದು ಕಿರುಚಿದೆ. ಮಂಡಿ ತೆಗೆ ಎಂದು ನಾನು ಹೇಳಿದ್ದು ದೂಮಪ್ಪನಿಗೆ. ಗೋಡೆಯ ಹತ್ತಿರ ಆಚೆ ಮುಖ ಮಾಡಿ ನಿಂತಿದ್ದ ಲಾದ್ರು ಕರೆಂಟು ಬಿಟ್ಟ. ದೂಮಪ್ಪನ ಹೆಬ್ಬೆರಳಿನ ಉಗುರು ಹಾರಿಹೋಗಿ ಹಲಗೆಯೆಲ್ಲ ರಕ್ತವಾಯಿತು.

ಲಾದ್ರು ಅಳುವುದಕ್ಕೇ ಶುರುಮಾಡಿದ. ಬೇರೆ ಯಾರಾದರೂ ಆಗಿದ್ದರೆ ನಮ್ಮಿಬ್ಬರ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಈ ಮಹಾಶಯ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೇಳಿದ, “ಲಾದ್ರೂ, ನೀನು ಎಂತ ಕೇಳಿದ್ದು?”

“ಬಿಡು ಅಂತ.”

ನನ್ನ ಕಡೆ ತಿರುಗಿ, “ನೀನು ಎಂತ ಹೇಳಿದ್ದು?”

“ಬಿಡು ಅಂತ,” ಎಂದೆ.

“ಹಾಗಾದ್ರೆ ಇಬ್ಬರದ್ದೂ ತಪ್ಪಿಲ್ಲ. ತಪ್ಪು ಆ ಶಬ್ದದ್ದು. ಇನ್ನು ಈ ಶೆಡ್ಡಿನಲ್ಲಿ ಅದು ಬೇಡ. ‘ಕೊಡು’ ಅಂದ್ರೆ ಕರೆಂಟು ಕೊಡುವುದು, ‘ಸಾಕು’ ಅಂದ್ರೆ ನಿಲ್ಲಿಸುವುದು. ಅಲಗು ಬದಲಿಸುವಾಗ ವಯರಿನ ತುದಿ ಗೋಡೆಯಲ್ಲಿ ಅಲ್ಲ, ನನ್ನ ತೊಡೆಯ ಮೇಲೆ ಇರ್ಬೇಕು.”

ಧನಿಗಳು ತಾವೇ ಬೊಂಡ ಕೆತ್ತಿಸಿ ಅವನಿಗೆ ಎಳನೀರು ಕುಡಿಸಿದರು. ನನ್ನ ಬೆರಳೂ ಬದನೆಕಾಯಿಯ ಹಾಗೆ ಊದಿತ್ತು. ಒಬ್ಬನಾದರೂ ಕೇಳಬೇಕಲ್ಲ! ಅದಿರಲಿ, ಅವನ ಕಟ್ಟಳೆ ಶೆಡ್ಡು ದಾಟಿ ಚಾದ ಅಂಗಡಿಗೂ ಹೋಯಿತು. ಅಲ್ಲಿ ನಾನು “ಹೋಗ್ಲಿ ಬಿಡು” ಎಂದರೆ ನಾಲ್ಕು ಜನ ಹೌಹಾರಿ ನನ್ನನ್ನು ನೋಡುತ್ತಿದ್ದರು. ಹುಟ್ಟಿದಂದಿನಿಂದ ನನ್ನ ಬಾಯಲ್ಲಿದ್ದ ಮಾತನ್ನು ಅವನು ಒಂದು ಉಗುರು ಕೊಟ್ಟು ಕಿತ್ತುಕೊಂಡ.

ಗಾಯ ಮಾಯುವವರೆಗಾದರೂ ಡ್ರಿಲ್ಲು ನನಗೆ ಬಂದೀತು ಎಂದುಕೊಂಡೆ. ನಾಚಿಕೆ ಬಿಟ್ಟು ಧನಿಗಳ ಹತ್ತಿರ ಕೇಳಿಯೂ ಕೇಳಿದೆ. “ದೂಮಪ್ಪನಿಗೆ ಗುಣ ಆಗ್ಲಿ, ಆಮೇಲೆ ನೋಡುವ,” ಎಂದು ಅವರು ಅದನ್ನು ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿದರು. ನಾನು ಮತ್ತೆ ಬೈರಿಗೆಯನ್ನು ಎದೆಗೆ ಆನಿಸಿಕೊಂಡೆ. ಅವನ ಉಗುರು ಬೇಗ ಬರಲಿ ಎಂದು ನಾನಂತೂ ಯಾವ ದೇವರಿಗೂ ಕೈ ಮುಗಿಯಲಿಲ್ಲ.

ಮರುವರ್ಷ ಬೊಂಬಾಯಿಯ ಒಂದು ಕಾರ್ಖಾನೆಯಿಂದ ಅವನಿಗೆ ಕರೆ ಬಂತು. ಅದೂ ಅವನಿಗೇ! ಹಡಗು ಹತ್ತಿಸಲು ಶೆಡ್ಡಿನವರೆಲ್ಲ ಬಂದರಿಗೆ ಹೋದೆವು. ಅವರೆಲ್ಲ ಪ್ರೀತಿಗೆ ಹೋದವರು. ನಾನು ಹೋದದ್ದು ಅವನು ನಿಜವಾಗಿ ಹೋಗುತ್ತಾನೋ ಇಲ್ಲವೋ ಎಂದು ನೋಡಲಿಕ್ಕೆ. ಹಡಗಿಗೆ ಒಯ್ಯುವ ದೋಣಿಗೆ ಇಳಿಯುವ ಮೊದಲು ಅವನು ನನ್ನನ್ನು ಪಕ್ಕಕ್ಕೆ ಕರೆದ.

“ನಿನಗೆ ಮೆಷಿನು ಕೊಡಬೇಡಿ ಅಂತ ಧನಿಗಳಿಗೆ ಹೇಳಿದ್ದು ನಾನೇ.”

ನಾನು ಹೆಗಲಿನ ಬೈರಾಸನ್ನು ಎಳೆದು ಮುಷ್ಟಿಯಲ್ಲಿ ಹಿಡಿದೆ.

“ಕೋಪ ಮಾಡ್ಬೇಡ. ಕೆಲಸ ಮಾಡುವಾಗ ನಿನ್ನ ಕಣ್ಣು ಎಲ್ಲಿ ಇರ್ತಿತ್ತು ಹೇಳು? ನನ್ನ ಮೇಲೆ. ಅದು ತಿರುಗುವಾಗ ಕಣ್ಣು ಇನ್ನೊಬ್ಬನ ಮೇಲೆ ಇದ್ರೆ ಬೆರಳು ಉಳಿಯುವುದಿಲ್ಲ. ಈಗ ನಾನು ಹೋಗ್ತೇನಲ್ಲ, ಇನ್ನು ನಿನಗೆ ಹೆದರಿಕೆ ಇಲ್ಲ. ನಿನ್ನ ಹೆಸರು ಹೇಳಿದ್ದೇನೆ.”

ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ದೋಣಿ ಹೊರಟಿತ್ತು. ಮರುದಿನ ಡ್ರಿಲ್ಲು ನನ್ನ ಕೈಗೆ ಬಂತು. ದೂಮಪ್ಪ ತಿರುಗಿ ಬರಲಿಲ್ಲ. ಬೊಂಬಾಯಿಯಲ್ಲೇ ಜ್ವರ ಬಂದು ತೀರಿಕೊಂಡ ಎಂದು ಕೂಳೂರಿನವರೊಬ್ಬರು ಹೇಳಿದರು. ಆ ದಿನ ನಾನು ಡ್ರಿಲ್ಲು ಮುಟ್ಟಲಿಲ್ಲ.

ಕಣ್ಣು ಮಂದವಾಗುವವರೆಗೂ ಅದೇ ಕೆಲಸ ಮಾಡಿದೆ. ಈಗ ಊಟಕ್ಕೆ ಮೊದಲು ಕೈ ತೊಳೆಯುವಾಗ ನೋಡಿಕೊಳ್ಳುತ್ತೇನೆ, ಹತ್ತೂ ಬೆರಳು ನೆಟ್ಟಗಿವೆ, ಅದೂ ಅವನ ದಯೆಯಿಂದ. ಇವುಗಳನ್ನಾದರೂ ನನ್ನವು ಎಂದು ಹೇಳಿಕೊಳ್ಳುವಂತೆ ಉಳಿಸಿದನೇ ಆ ಪುಣ್ಯಾತ್ಮ?