ಬೆಳಕು ತಿಂದ ಅಕ್ಷರಗಳು

ನಮ್ಮಪ್ಪನನ್ನು ಬೀದಿಯವರೆಲ್ಲ ಕರೆಯುವುದು ನೆಗೆಟಿವ್ ಮೇಷ್ಟ್ರು ಅಂತ. ಪಾಠ ಹೇಳಿದವನಲ್ಲ, ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಆಯಸ್ಸೆಲ್ಲ ನೆಗೆಟಿವ್ ತಿದ್ದಿದವನು. ಇಳಿಜಾರು ಮೇಜು, ಅದರ ನಡುವೆ ಮಬ್ಬು ಗಾಜು, ಗಾಜಿನ ಕೆಳಗೊಂದು ಬಲ್ಬು. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಜನರ ಮೊಡವೆ, ಸುಕ್ಕು, ಕಲೆ ಎಲ್ಲವನ್ನೂ ಮುಚ್ಚುತ್ತಿದ್ದ. ಅಲ್ಲಿ ಎಲ್ಲವೂ ತಿರುಗುಮುರುಗು. ಕೂದಲು ಬಿಳಿ, ಹಲ್ಲು ಕಪ್ಪು. ಜನರನ್ನು ಹಾಗೆ ನೋಡಿ ನೋಡಿ ಅಪ್ಪನಿಗೆ ರಸ್ತೆಯಲ್ಲಿ ಎದುರು ಸಿಕ್ಕವರ ಗುರುತೇ ಹತ್ತುತ್ತಿರಲಿಲ್ಲ. "ಯಾರೇ ಅದು, ನಕ್ಕೊಂಡು ಹೋದ್ರು?" ಅಂತ ಅಮ್ಮನನ್ನು ಕೇಳುತ್ತಿದ್ದ. "ಹೋದ ವಾರ ಅವರ ಮೂಗಿನ ಮೇಲಿನ ಮಚ್ಚೆ ಅಳಿಸಿದ್ದು ನೀವೇ ಅಲ್ವೇನ್ರೀ!" ಅಂತ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಅಮ್ಮನೂ ಅದೇ ಸ್ಟುಡಿಯೋದಲ್ಲಿ, ಪಕ್ಕದ ಡಾರ್ಕ್ ರೂಮಿನಲ್ಲಿ ಪ್ರಿಂಟು ಹಾಕುತ್ತಿದ್ದಳು. ಫಿಲ್ಮು ಹೊರತೆಗೆಯುವ ಹೊತ್ತಿಗೆ ಅಲ್ಲಿ ಕೆಂಪು ದೀಪವೂ ಇರಬಾರದು. ಮೂಗಿನ ಮುಂದೆ ಕೈ ಹಿಡಿದರೂ ಕಾಣದ ಕತ್ತಲು. ಒಳಗೆ ಇಬ್ಬರಿದ್ದರೆ ಡಿಕ್ಕಿ ಗ್ಯಾರಂಟಿ, ಕೈಯಲ್ಲಿ ಕೆಮಿಕಲ್ ತುಂಬಿದ ಟ್ರೇ ಬೇರೆ. ಅದಕ್ಕೇ ಅಲ್ಲೊಂದು ನಿಯಮ ಇತ್ತು: ಕತ್ತಲಲ್ಲಿ ಇರುವವರು ಬಾಯಿ ಮುಚ್ಚಬಾರದು, ಏನಾದರೂ ಮಾತಾಡುತ್ತಲೇ ಇರಬೇಕು. ಅಮ್ಮನಿಗಂತೂ ಈ ನಿಯಮ ಹೇಳಿ ಮಾಡಿಸಿದ ಹಾಗಿತ್ತು. ನೆರೆಮನೆಯವರ ಜಗಳ, ಹಾಲಿನವನ ಕಳ್ಳಾಟ, ನನ್ನ ಚಿಕ್ಕಮ್ಮನ ಸೊಕ್ಕು, ಎಲ್ಲವನ್ನೂ ಅವಳು ಕತ್ತಲಿಗೆ ವರದಿ ಒಪ್ಪಿಸುತ್ತಿದ್ದಳು. ಫಿಲ್ಮು ತೊಳೆಯಲು ಜೊತೆಗಿರುತ್ತಿದ್ದ ಅಪ್ಪನದು ಆಗೊಂದು ಈಗೊಂದು "ಹೂಂ". "ನಿಮ್ಮಪ್ಪ ನನ್ನ ಮುಖ ನೋಡಿ ಒಪ್ಪಿದ್ದಲ್ಲ, ಬಾಯಿ ಕೇಳಿ ಒಪ್ಪಿದ್ದು" ಅಂತ ಅವಳಿಗೆ ಬಲು ಜಂಬ.

ಫಿಲ್ಮಿನ ಕಾಲ ಮುಗಿಯಿತು, ಸ್ಟುಡಿಯೋ ಮುಚ್ಚಿತು. ಇಬ್ಬರೂ ಮನೆಯಲ್ಲಿ ಹಾಯಾಗಿ ಜಗಳವಾಡಿಕೊಂಡಿದ್ದಾಗ ಅಮ್ಮನ ಗಂಟಲಿಗೆ ಕೆಟ್ಟ ರೋಗ ಬಂತು. ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಅಮ್ಮ ಉಳಿದಳು, ದನಿ ಹೋಯಿತು.

ಕಾಗದದಲ್ಲಿ ಬರಿ ಎಂದರೆ ಅವಳ ಕೈಬರಹ ಅವಳಿಗೇ ಅರ್ಥವಾಗುವಂಥದ್ದಲ್ಲ. ಕೊನೆಗೆ ನಾನು ಒಂದು ಫೋನು ತಂದುಕೊಟ್ಟೆ. ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ತಿರುಗಿಸಿ, ಎದುರಿನವರ ಮೂಗಿಗೆ ಹಿಡಿಯುವುದು. ತಿಂಗಳೊಪ್ಪತ್ತಿನಲ್ಲಿ ಆ ಬೆರಳು ಹಳೆಯ ನಾಲಿಗೆಯಷ್ಟೇ ಚುರುಕಾಯಿತು. ಅವಳು ಬರೆಯುವುದು, ಅಪ್ಪ ಓದಿ ಬಾಯಲ್ಲಿ ಉತ್ತರ ಕೊಡುವುದು. ಮನೆಗೆ ಮತ್ತೆ ಮನೆಯ ಸದ್ದು ಬಂತು.

ಆಮೇಲೆ ಅಪ್ಪನ ಉತ್ತರಗಳು ದಾರಿ ತಪ್ಪತೊಡಗಿದವು. "ಟೀಗೆ ಸಕ್ಕರೆ ಸಾಕಾ?" ಅಂತ ಅಮ್ಮ ಬರೆದು ತೋರಿಸಿದರೆ, "ಹೂಂ, ಹೋಗಿ ಬಾ" ಅನ್ನುತ್ತಿದ್ದ. ಅಮ್ಮ ಮೊದಮೊದಲು ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿದಳು. ಒಂದು ಭಾನುವಾರ ಬೆಳಿಗ್ಗೆ ಅವಳು ಬಹಳ ಹೊತ್ತು ಯೋಚನೆ ಮಾಡಿ, ಅಳಿಸಿ, ಮತ್ತೆ ಬರೆದು ಅಪ್ಪನ ಮುಂದೆ ಫೋನು ಹಿಡಿದಳು. ಹಿಂದೆ ಬಟ್ಟೆ ಮಡಚುತ್ತಿದ್ದ ನನಗೂ ಕಂಡಿತು: "ರೀ, ನನ್ನ ದನಿ ನಿಮಗೆ ನೆನಪಿದೆಯಾ?"

ಅಪ್ಪ ಫೋನಿನ ಕಡೆ ನೋಡಿದ ಹಾಗೆ ಮಾಡಿ, "ಇರ್ಲಿ ಬಿಡು, ನಾಳೆ ನೋಡೋಣ" ಅಂದ.

ಅಮ್ಮ ಫೋನನ್ನು ಮಗುಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ಸಂಜೆಯವರೆಗೆ ಅದನ್ನು ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ನಿನ್ನದು ಮನುಷ್ಯರ ಹೃದಯಾನಾ, ಕಲ್ಲುಕಂಬಾನಾ?" ಅಂತ ಹಾರಾಡಿದೆ. ಅಪ್ಪ ಗೋಡೆಗೆ ಒರಗಿದ.

"ಓದೋಕಾಗಲ್ಲ ಕಣೇ" ಅಂದ. "ಫೋನು ಎದುರಿಗೆ ಬಂದ್ರೆ ಬೆಳಕೇ ಬೆಳಕು. ಬೆಳಕು ಅಕ್ಷರಾನೆಲ್ಲ ತಿಂದುಬಿಡುತ್ತೆ. ಅಂದಾಜಿನ ಮೇಲೆ ಹೂಂ ಅಂತೀನಿ."

"ಮತ್ತೆ ಹೇಳೋದಲ್ವಾ!"

"ಅವಳಿಗೆ ಉಳಿದಿರೋದು ಅದೊಂದೇ ಬಾಯಿ. ಅದಕ್ಕೂ ನಾನು ಕಿವುಡ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಆಮೇಲೆ ಕೇಳಿದ, "ಏನು ಬರೆದಿದ್ಲು?"

ಅಮ್ಮನ ಆ ಪ್ರಶ್ನೆ ನನ್ನ ಬಾಯಲ್ಲಿ ಹೊರಡಲಿಲ್ಲ. "ಅದನ್ನ ನೀನೇ ಓದ್ಬೇಕು" ಅಂದೆ.

ಅಮ್ಮನಿಗೆ ವಿಷಯ ತಿಳಿಸಿದಾಗ ಅವಳು ಅತ್ತಳು, ಆಮೇಲೆ ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಅಪ್ಪನ ಬೆನ್ನಿಗೊಂದು ಗುದ್ದಿದಳು. ಕಣ್ಣಿನ ಡಾಕ್ಟರು, ಕಣ್ಣಿನ ಮುಂದಿನ ಗಾಜಿನಂಥ ಪೊರೆ, ಕಾರ್ನಿಯಾ, ಮಂಜಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ, ಔಷಧಿ ಹಾಕಿ ನೋಡೋಣ ಅಂದರು. ನಾವು ಮನೆಗೆ ಬಂದು ನಮ್ಮದೇ ವೈದ್ಯ ಶುರು ಮಾಡಿದೆವು. ಕಾಣದವನಿಗೆ ಏನು ಬೇಕು? ಬೆಳಕು ಬೇಕು! ಫೋನಿನ ಬೆಳಕನ್ನು ತುದಿಯವರೆಗೆ ಏರಿಸಿದೆ. ಅಪ್ಪ ಕೂರುವ ಕುರ್ಚಿಯ ಮೇಲೆ ಹೊಸ ಟ್ಯೂಬ್‌ಲೈಟು ಹಾಕಿಸಿದೆ. ಅಪ್ಪನ ಕಣ್ಣಲ್ಲಿ ನೀರು ಸುರಿಯಿತೇ ಹೊರತು ಅಕ್ಷರ ಕಾಣಲಿಲ್ಲ. ನಾನು ಅಕ್ಷರ ದೊಡ್ಡದು ಮಾಡಿದೆ. "ದೊಡ್ಡ ಮಂಜು" ಅಂದ ಅಪ್ಪ.

ಬರೆದದ್ದನ್ನು ಫೋನೇ ಓದಿ ಹೇಳುವ ಸೌಕರ್ಯವಿದೆ ಅಂತ ಅದನ್ನೂ ಹಾಕಿಕೊಟ್ಟೆ. ಯಾವಳೋ ಒಬ್ಬಳು ಸುದ್ದಿ ಓದಿದ ಹಾಗೆ, "ರೀ. ಸ್ನಾನಕ್ಕೆ. ನೀರು. ಕಾದಿದೆ." ಅಂದಳು. ಅಪ್ಪ ಬೆಚ್ಚಿಬಿದ್ದ. ಅಮ್ಮ ಫೋನು ಕಿತ್ತುಕೊಂಡು ನನಗೆ ಬರೆದು ತೋರಿಸಿದಳು: "ಆ ಹೆಂಗಸು ನನ್ನ ಗಂಡನ್ನ ರೀ ಅನ್ನೋದು ಬೇಡ." ನಾನೇ ಓದಿ ಹೇಳುತ್ತೇನೆ ಎಂದರೆ ಅದೂ ಆಗಲಿಲ್ಲ. ಗಂಡ ಹೆಂಡತಿಯ ನಡುವೆ ಮಗಳು ಕೂತರೆ ಸಾಮಾನಿನ ವಿಷಯ ಬಿಟ್ಟು ಇನ್ನೇನು ಬರೆಯಲು ಬರುತ್ತದೆ? ಅಮ್ಮ ಕಡಿಮೆ ಬರೆಯುತ್ತ ಬಂದಳು. ನಾನು ಕೆಲಸಕ್ಕೆ ಹೋದ ಮೇಲೆ ಆ ಮನೆಯಲ್ಲಿ ಇಡೀ ದಿನ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತು ಮಾತ್ರೆ ಎಣಿಸುವಾಗಲೂ ಆ ಮೌನವೇ ಕಣ್ಣಿಗೆ ಕಟ್ಟುತ್ತಿತ್ತು.

ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದ ಹಾಗೇ ಅಮ್ಮ ಗಾಬರಿಯಿಂದ ಓಡಿಬಂದಳು. ಫೋನು ಕೆಟ್ಟಿದೆ ಅಂತ ಸನ್ನೆ ಮಾಡಿದಳು. ನೋಡಿದರೆ ಪರದೆಯೆಲ್ಲ ಕಪ್ಪು, ಅದರ ಮೇಲೆ ಅಕ್ಷರ ಬೆಳ್ಳಗೆ. ಚಾರ್ಜು ಮುಗಿಯುತ್ತ ಬಂದಿತ್ತು. "ಸಾಯೋಕೆ ಬಿದ್ದಿದೆ, ಅದಕ್ಕೇ ಮುಖ ಕಪ್ಪಿಟ್ಟಿದೆ" ಅಂತ ನಾನು ಅದನ್ನು ತೆಗೆದುಕೊಂಡು ಅಪ್ಪನ ಕುರ್ಚಿಯ ಪಕ್ಕದಿಂದ ಚಾರ್ಜರಿನ ಕಡೆ ಹೊರಟೆ.

"ಸೋಪು ತರಬೇಕು. ಬೆಂಕಿಪೊಟ್ಟಣ" ಅಂದ ಅಪ್ಪ.

ನಾನು ನಿಂತೆ. "ಏನಂದೆ?"

"ಅಲ್ಲೇ ಬರೆದಿದೆಯಲ್ಲ. ಸೋಪು ತರಬೇಕು, ಬೆಂಕಿಪೊಟ್ಟಣ. ಕೆಳಗಡೆ, ಅಪ್ಪನ ಕಣ್ಣಿನ ಔಷಧಿ ಅಂತ."

ಅಮ್ಮ ಬಾಗಿಲ ಹತ್ತಿರ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತುಬಿಟ್ಟಳು. ಅಪ್ಪ ಎರಡೂ ಕೈಯಲ್ಲಿ ಫೋನನ್ನು ತೆಗೆದುಕೊಂಡ, ಗಾಜಿನ ಮೇಲಿಂದ ಒದ್ದೆ ನೆಗೆಟಿವ್ ಎತ್ತುವಷ್ಟು ಮೆತ್ತಗೆ. ಬೆಳಕು ಇರಬೇಕಾದ ಕಡೆಯೆಲ್ಲ ಕತ್ತಲಿತ್ತು. ಕತ್ತಲಿರಬೇಕಾದ ಗೆರೆಗಳಷ್ಟೇ ಬೆಳಗುತ್ತಿದ್ದವು. ತಿನ್ನಲು ಬೆಳಕೇ ಇರಲಿಲ್ಲ, ಅಕ್ಷರಗಳು ಒಂದೊಂದೂ ಇಡಿಯಾಗಿ ಉಳಿದಿದ್ದವು. ಇದೇನಪ್ಪ, ಅಂಗೈಯಗಲದ ಗಾಜಿನೊಳಗೆ ಇಂಥದ್ದೊಂದು ಇತ್ತೇ ಅಂತ ನಾನು ಬೆರಗಾಗಿ ನೋಡುತ್ತಲೇ ಇದ್ದೆ. ಅಪ್ಪನ ತುಟಿ ಮಾತ್ರ ಅಲುಗುತ್ತಿತ್ತು. ಸೋಪು ಎಂಬ ಶಬ್ದವನ್ನು ಅಷ್ಟು ಭಕ್ತಿಯಿಂದ ಯಾರೂ ಓದಿರಲಿಕ್ಕಿಲ್ಲ.

ಅಷ್ಟರಲ್ಲಿ ನನ್ನ ಜಾಣತನ. ಫೋನು ಆರಿಹೋದೀತೆಂದು ಗಡಿಬಿಡಿಯಲ್ಲಿ ಚಾರ್ಜರು ಚುಚ್ಚಿದೆ. ಪರದೆ ಫಕ್ಕನೆ ಬೆಳ್ಳಗಾಯಿತು. ಅಪ್ಪ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡ. "ಹೋಯ್ತು" ಅಂದ. "ಬಾಗಿಲು ತೆಗೆದು ಫಿಲ್ಮು ಹಾಳು ಮಾಡಿದ್ಯಲ್ಲೇ!"

ಅಲ್ಲಿಂದ ಶುರುವಾಯಿತು ನೋಡಿ, ಡಾರ್ಕ್ ರೂಮಿನಲ್ಲಿ ಬಾಳು ಸವೆಸಿದವರು ಮಾತ್ರ ಮಾಡುವಂಥ ಹುಚ್ಚು. ಚಾರ್ಜು ಕೊಟ್ಟರೆ ಬೆಳಕು ನುಗ್ಗುತ್ತದೆ, ಬೆಳಕು ನುಗ್ಗಿದರೆ ಅಕ್ಷರ ಹಾಳಾಗುತ್ತದೆ, ಆದ್ದರಿಂದ ಫೋನಿಗೆ ಹೊಟ್ಟೆ ತುಂಬ ಕೊಡಬಾರದು. ಇದು ಇಬ್ಬರೂ ಸೇರಿ ಮಾಡಿದ ತೀರ್ಮಾನ. ಬೆಳಿಗ್ಗೆ ಅಮ್ಮ ಫೋನಿನ ಟಾರ್ಚು ಹಚ್ಚಿ ಕಪಾಟಿನಲ್ಲಿಡುತ್ತಿದ್ದಳು, ಚಾರ್ಜು ಇಳಿಯಲಿ ಅಂತ. ಪರದೆ ಕಪ್ಪಾದ ಕೂಡಲೇ ಕಪಾಟಿನಿಂದ ತೆಗೆದು, ಓಡಿಬಂದು ಅಪ್ಪನ ಪಕ್ಕ ಕೂರುವುದು. ಫೋನು ಪೂರ್ತಿ ಆರುವುದರೊಳಗೆ ಆಡಬೇಕಾದದ್ದನ್ನೆಲ್ಲ ಆಡಿ ಮುಗಿಸಬೇಕು. ರೈಲು ಹೊರಡುವ ಮುಂಚೆ ಕಿಟಕಿಯಲ್ಲಿ ಮಾತಾಡುವವರ ಹಾಗೆ ಅವಸರ. ಅರ್ಧ ವಾಕ್ಯದಲ್ಲಿ ಫೋನು ಆರಿದರೆ ಅಪ್ಪ, "ಏನೇ ಅದು, ಚಿಕ್ಕಮ್ಮ ಏನಂದ್ಲಂತೆ?" ಅಂತ ಚಡಪಡಿಸುತ್ತಿದ್ದ. ಅಮ್ಮ ಅಷ್ಟು ಖುಷಿಯಾಗಿದ್ದದ್ದನ್ನು ಗಂಟಲಿನ ಆಪರೇಷನ್ ಆದ ಮೇಲೆ ನಾನು ನೋಡಿದ್ದೇ ಇಲ್ಲ. ಆದರೂ ಅವಳು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಉತ್ತರ ಬರುವ ಮುಂಚೆಯೇ ಆರಿಹೋದರೆ ಅನ್ನುವ ಭಯವಿತ್ತೇನೋ.

ಈ ಹುಚ್ಚು ಬಿಡಿಸಿದ್ದು ನಮ್ಮ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ. ಅವಳ ಫೋನಿನ ಪರದೆ ಕಪ್ಪಗಿದ್ದದ್ದು ನೋಡಿ, "ಬೇಗ ಚಾರ್ಜಿಗೆ ಹಾಕಮ್ಮ, ಸಾಯ್ತಾ ಇದೆ" ಅಂದೆ.

"ಅಕ್ಕಾ, ಚಾರ್ಜು ಫುಲ್ ಇದೆ" ಅಂತ ಅವಳು ನಕ್ಕಳು. "ಇದು ಡಾರ್ಕ್ ಥೀಮ್. ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇಗೆ ಹೋಗಿ ಒತ್ತಿದ್ರೆ ಆಯ್ತು. ಯಾವಾಗ್ಲೂ ಹೀಗೇ ಇರುತ್ತೆ. ಚಾರ್ಜು ಕಮ್ಮಿಯಾದಾಗ ಬ್ಯಾಟರಿ ಉಳಿಸೋಕೆ ಫೋನು ತಾನೇ ಹೀಗೆ ಆಗುತ್ತೆ, ಅಷ್ಟೇ."

ಯಾವಾಗಲೂ! ಒಂದು ಬೆರಳು ಒತ್ತಿದರೆ! ನಾಚಿಕೆಯೂ ಆಯಿತು, ಕುಣಿಯುವ ಹಾಗೂ ಆಯಿತು. ಮನೆಗೆ ಹೋದವಳೇ ಕಪಾಟು ತೆಗೆದು, ಉರಿಯುತ್ತಿದ್ದ ಟಾರ್ಚು ಆರಿಸಿ, ಫೋನನ್ನು ಚಾರ್ಜಿಗೆ ಚುಚ್ಚಿದೆ. ಅಪ್ಪ ಅಮ್ಮ ಇಬ್ಬರೂ ಹಾಹಾಕಾರ ಮಾಡಿದರು, ಒಬ್ಬರು ಬಾಯಲ್ಲಿ, ಒಬ್ಬರು ಕೈಯಲ್ಲಿ. "ಸ್ವಲ್ಪ ತಡೀರಿ" ಅಂತ ಡಿಸ್‌ಪ್ಲೇ ಹುಡುಕಿ ಒತ್ತಿದೆ. ಇಡೀ ಪರದೆ ಕಪ್ಪಾಗಿ, ಬಿಳಿ ಅಕ್ಷರ ಮೂಡಿ ನಿಂತವು. ವೈರು ಚುಚ್ಚಿಯೇ ಇತ್ತು. ನಾವು ಮೂವರೂ ಬಗ್ಗಿ ಕಾದೆವು. ಬೆಳ್ಳಗಾಗಲಿಲ್ಲ. ಇನ್ನೂ ಕಾದೆವು. ಆಗಲಿಲ್ಲ.

"ಇನ್ನು ಆರಲ್ವಾ?" ಅಂತ ಅಪ್ಪ ಮೆಲ್ಲಗೆ ಕೇಳಿದ.

"ಆರಲ್ಲ. ನಿಮಗೆ ಬೇಕಾದಷ್ಟು ಹೊತ್ತು ಮಾತಾಡ್ಕೊಳ್ಳಿ."

ಅಮ್ಮ ಫೋನು ತೆಗೆದುಕೊಂಡು ಅಪ್ಪನ ಕುರ್ಚಿಯ ತೋಳಿನ ಮೇಲೆ ಕೂತಳು. ಈ ಸಲ ಅಳಿಸಲಿಲ್ಲ, ಯೋಚನೆ ಮಾಡಲಿಲ್ಲ. ಬರೆದು, ಅಪ್ಪನ ಮುಂದೆ ಹಿಡಿದು, ತಾನು ಕಿಟಕಿಯ ಕಡೆ ತಿರುಗಿಕೊಂಡಳು. ಅಪ್ಪ ಒಂದೊಂದೇ ಶಬ್ದ ಹಿಡಿದು ಓದಿದ, ಗಟ್ಟಿಯಾಗಿ:

"ರೀ... ನನ್ನ ದನಿ... ನಿಮಗೆ ನೆನಪಿದೆಯಾ?"

ಹೂಂ ಅಂದುಬಿಡಪ್ಪ, ಸುಳ್ಳಾದರೂ ಪರವಾಗಿಲ್ಲ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ" ಅಂದ ಅಪ್ಪ.

ಅಮ್ಮನ ಬೆನ್ನು ನೆಟ್ಟಗಾಯಿತು.

"ನೆನಪು ಮಾಡ್ಕೊಳ್ಳೋಕೆ ಹೋದ್ರೆ ಸಿಗಲ್ಲ ಕಣೇ. ನೀನು ಒಳಗೆ ಹೋದ ಮೇಲೆ ಕೂತು ಎಷ್ಟೋ ಸಲ ನೋಡಿದೀನಿ, ಬರಲ್ಲ. ಕಳೆದೇಹೋಯ್ತು ಅಂದ್ಕೊಂಡಿದ್ದೆ." ಅಪ್ಪ ಪರದೆಯ ಮೇಲೆ ಬೆರಳಿಟ್ಟ. "ಆದ್ರೆ ನೀನು ಬರೆದಿದ್ದು ಓದ್ತೀನಲ್ಲ, ಅದು ನನ್ನ ದನೀಲಿ ಕೇಳಲ್ಲ, ನಿನ್ನ ದನೀಲೇ ಕೇಳುತ್ತೆ. ಅವತ್ತು ಸೋಪು ತರಬೇಕು ಅಂತ ಓದಿದ್ನಲ್ಲ, ನೀನೇ ಕೂಗಿ ಹೇಳಿದ ಹಾಗಾಯ್ತು. ಅದಕ್ಕೇ ಅಷ್ಟು ಹೊತ್ತು ನೋಡ್ತಾ ಕೂತಿದ್ದೆ. ಈಗ ಇದೂ ಹಾಗೇ ಕೇಳಿಸ್ತು. ಕೊನೇಲಿ ಒಂಚೂರು ಎಳೀತೀಯಲ್ಲ, ಆ ಎಳೆತಾನೂ ಇದೆ."

ನನಗೆ ಕಣ್ಣೀರು ತಡೆಯಲಾಗಲಿಲ್ಲ. ಕಿವಿಯಲ್ಲಿ ಇಲ್ಲದ ದನಿ ಕಣ್ಣಿನೊಳಗೆ ಇಷ್ಟು ದಿನ ಉಳಿದಿತ್ತಲ್ಲ, ಅದನ್ನು ಒಂದು ಹಾಳು ಬೆಳಕು ಮುಚ್ಚಿಹಾಕಿತ್ತಲ್ಲ ಅಂತ ದಂಗುಬಡಿದು ನಿಂತೆ.

ಅಮ್ಮ ತಿರುಗಿದಳು. ಕೆನ್ನೆ ಒರೆಸಿಕೊಳ್ಳದೆ ಫೋನು ಕಸಿದುಕೊಂಡು ಬರೆಯಲು ಶುರು ಮಾಡಿದಳು. ಅಷ್ಟು ತಿಂಗಳಿಂದ ಕಟ್ಟಿಕೊಂಡಿದ್ದೆಲ್ಲ ಒಟ್ಟಿಗೆ ಬಂದಿರಬೇಕು, ಬೆರಳು ನಿಲ್ಲಲೇ ಇಲ್ಲ. ಅಪ್ಪ ಅವಳ ಭುಜದ ಮೇಲಿಂದ ಓದುತ್ತ ಹೋದ. ಓದುತ್ತ ಓದುತ್ತ ಅವನ ಮುಖ ಅರಳಿತು, ಕಿವಿ ಮುಚ್ಚಿಕೊಳ್ಳುವವನ ಹಾಗೆ ಎರಡೂ ಕೈ ಎತ್ತಿದ.

"ಅಯ್ಯೋ, ಮೆಲ್ಲಗೆ ಮಾತಾಡೇ" ಅಂದ ಅಪ್ಪ. "ಬೀದಿಯವರಿಗೆಲ್ಲ ಕೇಳಿಸುತ್ತೆ."