ಎಲೆಯಾಚೆಯ ಚಕ್ಕುಲಿ

ನಮ್ಮ ಓನರಮ್ಮನ ಕಿವಿ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನಾನು ಸ್ಕೂಲಿನಿಂದ ಬಂದ ಕೂಡಲೇ ಅವರು ನನ್ನ ಯೂನಿಫಾರ್ಮಿನ ಅಂಗಿ ಮೇಲೆತ್ತಿ, ಬಲಗಿವಿಯನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದರು. ಕಲ್ಲಿನ ಓಲೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿ, ಪಕ್ಕದ ಕೋಣೆಯ ಮಾತನ್ನು ಕದ್ದು ಕೇಳುವವರ ಹಾಗೆ ಆಲಿಸುತ್ತಿದ್ದರು. ಆಮೇಲೆ "ಇವತ್ತು ಸುಮ್ನಿದೆ" ಎಂದೋ "ಮಾತಾಡ್ತಿದೆ" ಎಂದೋ ಹೇಳಿ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಮಾತಾಡುತ್ತಿದೆ ಎಂದ ದಿನ ನನಗೆ ಹೊಟ್ಟೆನೋವು ತಪ್ಪಿದ್ದಲ್ಲ. ಒಂದು ಸಲವೂ ಅವರ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ತೊಂಬತ್ತರ ದಶಕದ ಕೊನೆ ಅದು. ಅಪ್ಪನಿಗೆ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ರಾಯಚೂರಿನ ಕಡೆಯಿಂದ ಬಂದ ನಾವು ಹಲಸೂರಿನಲ್ಲಿ ಬಾಡಿಗೆಗಿದ್ದೆವು. ಮುಂದಿನ ಭಾಗದಲ್ಲಿ ಓನರಮ್ಮ ಒಬ್ಬರೇ, ಹಿಂದಿನ ಒಂದೂವರೆ ಕೋಣೆಯಲ್ಲಿ ನಾವು. ಊರಲ್ಲಿ ಜೋಳದ ರೊಟ್ಟಿ ತಿಂದುಕೊಂಡು ಗುಂಡಗಿದ್ದವಳು ನಾನು. ಇಲ್ಲಿ ಬೆಳಿಗ್ಗೆ ಬನ್ನು, ಮಧ್ಯಾಹ್ನ ಚಪಾತಿ, ಸಂಜೆ ರಸ್ಕು. ವರ್ಷ ತುಂಬುವುದರೊಳಗೆ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಗಡಿಗೆಯ ಹಾಗೆ ಮುಂದೆ ಬಂತು. ಬೀದಿಯವರೆಲ್ಲ ದೃಷ್ಟಿ ಎಂದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಏನೇನೋ ಪರೀಕ್ಷೆ ಮಾಡಿ ಬೇರೆಯದೇ ಹೆಸರು ಹೇಳಿದರು.

ಅವ್ವ ಅದನ್ನು ಓನರಮ್ಮನಿಗೆ ಒಪ್ಪಿಸಿದ್ದು ನನ್ನ ಎದುರಿಗೇ. "ಗೋದಿ ಆಗಂಗಿಲ್ಲಂತ್ರಿ ಅಮ್ಮಾರೆ ಈಕೀಗೆ. ಗ್ಲುಟೆನ್ ಅಂತ ಏನೋ ಇರ್ತದಂತ ಅದ್ರಾಗ. ಬ್ರೆಡ್ಡು, ಬಿಸ್ಕೀಟು, ಮೈದಾ, ರವಾ, ಒಂದೂ ಕೊಡಬಾರ್ದಂತ. ಸಾಯೋತನ."

ಓನರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. "ಹೊಟ್ಟೆ ಉಬ್ಬೋದು, ಕೈಕಾಲು ಒಣಗೋದು, ಇದೆಲ್ಲಾ ಗೋಧಿಯಿಂದಾನಾ?"

"ಹೂಂನ್ರಿ."

"ನಮ್ಮವಳಿಗೆ ಬಾಲಗ್ರಹ ಅಂದ್ರು ಕಣಮ್ಮ. ತಾಯ್ತ ಕಟ್ಟಿಸಿದ್ವಿ. ಅನ್ನ ಸೇರ್ತಾ ಇಲ್ಲ ಅಂತ ನಾನೇ ಗೋಧಿ ಗಂಜಿ ಕಾಯಿಸಿ ಕುಡಿಸ್ತಾ ಇದ್ದೆ. ಶಕ್ತಿ ಬರ್ಲಿ ಅಂತ."

ಅವರಿಗೊಬ್ಬಳು ಮಗಳಿದ್ದಳು, ನನ್ನ ವಯಸ್ಸಿಗೇ ತೀರಿಕೊಂಡಳು ಎಂದು ನಮಗೆ ತಿಳಿದದ್ದೇ ಆಗ. ಆ ಮಗುವಿಗೆ ಇದ್ದದ್ದು ಇದೇ ಕಾಯಿಲೆಯೋ ಬೇರೆಯೋ, ಈಗ ಯಾವ ಡಾಕ್ಟರೂ ಹೇಳಲಾರರು. ಓನರಮ್ಮನಿಗೆ ಮಾತ್ರ ಆ ಗಳಿಗೆಯಿಂದ ಅನುಮಾನವೇ ಉಳಿಯಲಿಲ್ಲ.

ಮರುದಿನವೇ ಅವರ ಅಡುಗೆಮನೆಯಿಂದ ಗೋಧಿ ಹಿಟ್ಟು, ಮೈದಾ, ರವೆ, ಶಾವಿಗೆ ಎಲ್ಲ ಆಚೆ ಬಂದವು. ಎಷ್ಟೋ ವರ್ಷ ಚಪಾತಿ ಲಟ್ಟಿಸಿದ್ದ ಮಣೆ ಲಟ್ಟಣಿಗೆ ಬಚ್ಚಲ ಒಲೆಗೆ ಹೋದವು. ಮಿಲ್ಲಿನಲ್ಲಿ ಮೊದಲು ಯಾರ ಗೋಧಿ ಬೀಸಿರುತ್ತಾರೋ ಎಂದು ಅಕ್ಕಿಯನ್ನು ಮನೆಯಲ್ಲೇ ತೊಳೆದು, ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯತೊಡಗಿದರು. ನಿಪ್ಪಟ್ಟಿಗೆ ಮೈದಾ ಬದಲು ಹುರಿಗಡಲೆ ಪುಡಿ ಬಂತು. ಕಷ್ಟ ಕೊಟ್ಟದ್ದು ಹೋಳಿಗೆ. ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ, ಬಿಸಿಯಿರುವಾಗಲೇ ನಾದಿ, ಬಾಳೆಲೆಯ ಮೇಲೆ ತಟ್ಟಿದರೂ ಅದು ಹೆಂಚಿನ ಮೇಲೆ ಬಿರುಕು ಬಿಟ್ಟು ಹೂರಣ ಕಾರುತ್ತಿತ್ತು. "ಮುರಿದ್ರೆ ಮುರೀಲಿ, ಒಳಗೆ ಹೋದ್ಮೇಲೆ ಎಲ್ಲಾ ಮುರಿದಿದ್ದೇ" ಎಂದು ಅದನ್ನೇ ಬಳಿದು ಕೊಡುತ್ತಿದ್ದರು. ಏನೇ ಮಾಡಲಿ, ಎರಡು ಪಾಲು ಮಾಡುತ್ತಿದ್ದರು. ಒಂದು ನನ್ನ ಕೈಗೆ. ಇನ್ನೊಂದು ನನ್ನ ಪಕ್ಕದಲ್ಲಿ ಹಾಕಿದ ಖಾಲಿ ಮಣೆಯ ಮುಂದೆ. ನಾನು ತಿನ್ನುವಾಗ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಆ ಮಣೆಯನ್ನು. ಅದರ ಕಡೆ ತಿರುಗದೆ ಬೇಗ ಬೇಗ ತಿಂದು ಓಡಿಬರುವುದು ನನಗೆ ರೂಢಿಯಾಯಿತು.

ಇಷ್ಟಾದರೂ ನಾನು ಚೇತರಿಸಿಕೊಳ್ಳಲಿಲ್ಲ. ಡಾಕ್ಟರು ತೂಕ ನೋಡಿ, "ಎಲ್ಲೋ ಗೋಧಿ ಸೇರ್ತಾ ಇದೆ ನೋಡಿ, ಹೀಗೇ ಹೋದ್ರೆ ಮಗು ಉಳಿಯೋದು ಕಷ್ಟ" ಎಂದರು. ಮನೆ ಸೇರಿದ ಮೇಲೆ ಅವ್ವ ಬಾಗಿಲು ಹಾಕಿಕೊಂಡು ಅಪ್ಪನಿಗೆ ಹೇಳಿದಳು: "ಗೋದಿ ಅಲ್ಲ ಅದು. ಆ ಹುಡುಗಿ ಜತಿಗೆ ಕರಿಯಾಕತ್ತಾಳ ಈಕೀನ. ಮನಿ ಖಾಲಿ ಮಾಡೂಣು." ನನಗೂ ಹಾಗೇ ಅನ್ನಿಸುತ್ತಿತ್ತು. ಹೇಳಲು ಹೆದರಿಕೆ, ಅಷ್ಟೆ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದವರಿಗೆ ಇಷ್ಟವಾದ ತಿಂಡಿಯನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆಯಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಆಚೆ ಬರುವುದು ಅವರ ಮನೆಯ ಪದ್ಧತಿ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಚಪ್ಪಾಳೆ ತಟ್ಟಿ ತೆರೆಯಬೇಕು. ನಡುವೆ ಇಣುಕುವ ಹಾಗಿಲ್ಲ. ಆ ಮಧ್ಯಾಹ್ನ ಎಲೆಯ ಮೇಲೆ ಕಜ್ಜಾಯ, ಎಳ್ಳುಂಡೆ, ಅಕ್ಕಿಯ ಹೋಳಿಗೆ, ಚಕ್ಕುಲಿ ಇದ್ದವು. ಮುಂದೆ ಆ ಮಗುವಿನ ಅಳತೆಗೆ ಹೊಲಿಸಿದ ಹಸಿರು ಲಂಗ. "ಇಷ್ಟು ವರ್ಷ ಮೈದಾ ಹೋಳಿಗೆ ಇಡ್ತಿದ್ದೆ. ಸತ್ತ ಮೇಲೂ ಅದನ್ನೇ ತಿನ್ನಿಸ್ದೆ ನೋಡಮ್ಮ" ಎಂದು ಓನರಮ್ಮ ಕಣ್ಣೊರೆಸಿಕೊಂಡರು. ಅವ್ವ ಒಲ್ಲದ ಮನಸ್ಸಿನಿಂದ ನನ್ನ ಕೈ ಹಿಡಿದು ನಿಂತಿದ್ದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳ ದನಿ ಅಡಗಿದ ಮೇಲೆ ಮುಚ್ಚಿದ ಬಾಗಿಲಾಚೆಯಿಂದ ಚಕ್ಕುಲಿ ಮುರಿದ ಸದ್ದು ಕೇಳಿಸಿತು. ಅವ್ವನ ಕೈ ಬಿಗಿಯಾಯಿತು. ಓನರಮ್ಮ ಮಾತ್ರ ಕದಲಲಿಲ್ಲ.

ಬಾಗಿಲು ತೆರೆದಾಗ ಎಲೆ ಬಡಿಸಿದ ಹಾಗೇ ಇತ್ತು. ಚಕ್ಕುಲಿಗಳು ಮಾತ್ರ ಎಲೆಯ ಆಚೆ, ನೆಲದ ಮೇಲಿದ್ದವು. ಒಂದು ಮುರಿದಿತ್ತು.

"ಇಲಿ ಇರಬೇಕ್ರಿ" ಎಂದಳು ಅವ್ವ. ಇರಬಹುದು. ನಾನು ವಿಜ್ಞಾನ ಓದಿದವಳು, ಯಾರಾದರೂ ಕೇಳಿದರೆ ಈಗಲೂ ಇಲಿ ಎಂದೇ ಹೇಳುತ್ತೇನೆ. ಆದರೆ ಬೆಲ್ಲದ ಕಜ್ಜಾಯಕ್ಕೆ ಬಾಯಿ ಹಾಕದೆ, ಬರೀ ಚಕ್ಕುಲಿ ಹೊತ್ತು ಆಚೆ ಇಟ್ಟು, ಕಚ್ಚದೆ ಹೋಗುವ ಇಲಿಯನ್ನು ನಾನಿನ್ನೂ ನೋಡಬೇಕಷ್ಟೆ.

"ಅವಳು ಹೀಗೇ, ತಿಂದ್ರೆ ಆಗಲ್ಲ ಅನ್ನೋದನ್ನ ಎಲೆಯಿಂದ ಆಚೆ ತಳ್ತಿದ್ಲು" ಎಂದ ಓನರಮ್ಮ ನೆಲದಲ್ಲಿ ಕೂತು, ಮುರಿದ ಚಕ್ಕುಲಿಯನ್ನು ಮೂಸಿ ನೋಡುತ್ತಾ ಒಂದೊಂದೇ ಹೇಳಿಕೊಂಡರು. "ಅಕ್ಕಿ ನಾನೇ ಪುಡಿ ಮಾಡಿದ್ದು. ಉದ್ದು ನಾನೇ ಹುರಿದಿದ್ದು. ಬೆಣ್ಣೆ, ಎಳ್ಳು, ಉಪ್ಪು..." ತಟ್ಟನೆ ಎದ್ದು, ಇಂಗಿನ ಡಬ್ಬಿಯನ್ನು ಸೆರಗಲ್ಲಿ ಕಟ್ಟಿಕೊಂಡು ಹಲಸೂರು ಮಾರ್ಕೆಟ್ಟಿಗೆ ನಡೆದರು. ನಾವು ಹಿಂದೆಯೇ ಓಡಿದೆವು.

ಅಂಗಡಿಯ ಶೆಟ್ಟರು ಡಬ್ಬಿ ತಿರುಗಿಸಿ ನೋಡಿ ನಕ್ಕರು. "ಬರೀ ಇಂಗು ಯಾರಮ್ಮಾ ಮಾರ್ತಾರೆ? ಬಾಯಿಗಿಡಕ್ಕಾಗಲ್ಲ, ಅಷ್ಟು ಘಾಟು. ಮೈದಾ ಕಲಸಿಯೇ ಇಂಗು ಕಟ್ಟೋದು."

ನಮ್ಮ ಮನೆಯಲ್ಲಿ ಎಲ್ಲಕ್ಕೂ ಬೆಳ್ಳುಳ್ಳಿಯೇ. ಅವ್ವ ಇಂಗು ತರುತ್ತಲೇ ಇರಲಿಲ್ಲ. ದಿನಾ ನನ್ನ ಹೊಟ್ಟೆಗೆ ಅದು ಸೇರುತ್ತಿದ್ದದ್ದು ನನಗೆ ಪ್ರಾಣವಾಗಿದ್ದ ಓನರಮ್ಮನ ಚಕ್ಕುಲಿಯಿಂದ, ಸಾರಿನಿಂದ. ಅವರು ಅಂಗಡಿಯ ಕಟ್ಟೆ ಹಿಡಿದುಕೊಂಡು, "ಎರಡನೇ ಸಲ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ಅವರ ತೋಳು ಹಿಡಿದು ಮನೆಗೆ ಕರೆತಂದಳು. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ.

ಇಂಗು ಹೋಯಿತು, ನಾನು ಉಳಿದೆ. ಎಡೆಗಿಟ್ಟ ಬಟ್ಟೆಯನ್ನು ಮನೆಯವರೇ ಉಡುವುದು ಪದ್ಧತಿಯಾದ್ದರಿಂದ ಆ ಹಸಿರು ಲಂಗವನ್ನು ನನಗೇ ಕೊಟ್ಟಿದ್ದರು. ನನಗೇ ಅಳತೆ ತೆಗೆದು ಹೊಲಿಸಿದಂತೆ ಕೂತಿತ್ತು. ಮುಂದಿನ ವರ್ಷ ಅದೇ ಅಳತೆಗೆ ಹೊಲಿಸಿದ ಕೆಂಪು ಲಂಗ ನನ್ನ ಮೊಣಕಾಲಿನ ಹತ್ತಿರವೇ ನಿಂತಿತು, ಸೊಂಟದ ಕೊಕ್ಕೆ ಹತ್ತಲಿಲ್ಲ. ಓನರಮ್ಮ ನಗುತ್ತಾ ಅಳುತ್ತಾ "ದಾಟ್ಬಿಟ್ಟೆ ಕಣೇ, ನೀನು ದಾಟ್ಬಿಟ್ಟೆ" ಎಂದು ನನ್ನ ಕೆನ್ನೆ ಸವರಿದರು. ಆಮೇಲೆ ಖಾಲಿ ಮಣೆಯ ಕಡೆ ತಿರುಗಿ, "ನೀನು ಬೇಜಾರು ಮಾಡ್ಕೋಬೇಡ" ಎಂದರು.

ನಾವು ರಾಮಮೂರ್ತಿ ನಗರಕ್ಕೆ ಮನೆ ಬದಲಿಸಿ, ನಾನು ಕಾಲೇಜು ಮುಗಿಸುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ನೋಡಲು ಹೋದ ಬೆಳಿಗ್ಗೆ ನನ್ನ ಕೈ ಹಿಡಿದು ಕೇಳಿದರು: "ನಿಜ ಹೇಳು. ಆವಾಗ ಹೊಟ್ಟೆ ನೋಯ್ತಿದ್ದಾಗ, ಇದು ನಾನು ಕೊಟ್ಟಿದ್ದರಿಂದಾನೇ ಅಂತ ಅನ್ನಿಸ್ತಿತ್ತಾ?"

"ಇಲ್ಲ ಓನರಮ್ಮ. ನೋವು ಬಂದ್ರೆ ನಿಮ್ಮ ಹತ್ರಾನೇ ಓಡಿ ಬರಬೇಕು ಅನ್ನಿಸ್ತಿತ್ತು."

ಅವರು ನನ್ನನ್ನು ಬಿಟ್ಟು ನನ್ನ ಪಕ್ಕಕ್ಕೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. "ಹೌದಾ?" ಎಂದು ಆ ಕಡೆಗೇ ಕೇಳಿ, ಉತ್ತರ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದರು. "ಸರಿ ಬಿಡು. ಇಬ್ರೂ ಒಂದೇ ಮಾತು ಹೇಳ್ತಿದ್ದೀರ." ನನ್ನ ಮೈ ಜುಮ್ಮೆಂದಿತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಆ ವಾರವೇ ಅವರು ಹೋದರು.

ನಾನು ಬದುಕಿರುವುದು ಅವರಿಂದ. ಅವರಿಗೆಂದು ಎಡೆಯಿಡುವವರು ಬೇರೆ ಯಾರೂ ಇಲ್ಲ, ಹಾಗಾಗಿ ಅಮಾವಾಸ್ಯೆಗೆ ನಾನೇ ಎರಡು ಎಲೆ ಹಾಕುತ್ತೇನೆ. ಅಕ್ಕಿಯ ಹೋಳಿಗೆ ನನಗೂ ಬಿರುಕು ಬಿಡುತ್ತದೆ. ಬಾಗಿಲು ಮುಚ್ಚಿದ ಮೇಲೆ ಬೇಗ ಚಪ್ಪಾಳೆ ತಟ್ಟಲು ಮನಸ್ಸು ಬರುವುದಿಲ್ಲ. ಮಕ್ಕಳು ಹಸಿವೆಂದು ರಗಳೆ ಮಾಡುತ್ತಾರೆ. ಸ್ವಲ್ಪ ತಡೆಯಿರಿ ಎನ್ನುತ್ತೇನೆ, ಒಳಗೆ ತಾಯಿ ಮಗಳು ಈಗ ಹೆದರಿಕೆಯಿಲ್ಲದೆ ಉಣ್ಣುತ್ತಿದ್ದಾರೆ.