ಒಂದು ಗಾಲಿ, ಹನ್ನೆರಡು ನಂಬರಿನ ಪಾದ

ಫೆಬ್ರವರಿ ಎರಡು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಪತ್ರಿಕೆಗೆ ಬರೆಯಲು ಕೂತಿದ್ದೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಪಾದದ ಅಳತೆ ಹನ್ನೆರಡು. ನಿಪ್ಪಾಣಿಯ ಪೇಟೆಯಲ್ಲಿ ಬೂಟಿನ ಅಂಗಡಿಗಳು ಹತ್ತನೇ ನಂಬರಿಗೆ ನಿಂತುಬಿಡುತ್ತವೆ. ಹನ್ನೆರಡು ಎಂದರೆ ಅಂಗಡಿಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಪಾದ ನೋಡುತ್ತಾರೆ, ಆಮೇಲೆ ಒಳಗಿದ್ದವರನ್ನೂ ನೋಡಲು ಕರೆಯುತ್ತಾರೆ. ಅಥಣಿಯಲ್ಲಿ ಚಪ್ಪಲಿ ಹೊಲಿಸಲು ಹೋದಾಗ ಕಾಗದದ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆಯುತ್ತಾರೆ. ನನ್ನ ಪಾಲಿಗೆ ಕಾಗದವೇ ಸಾಲುವುದಿಲ್ಲ. ಹೆಬ್ಬೆರಳಿನ ಗೆರೆ ನೆಲದ ಮೇಲೆ ಬೀಳುತ್ತದೆ.

ವಿಚಿತ್ರವೆಂದರೆ ದೊಡ್ಡ ಪಾದಕ್ಕೆ ನಮ್ಮಲ್ಲಿ ಗೌರವ ಇಲ್ಲವೆಂದಲ್ಲ. ನಮ್ಮ ಜೈನ ತೀರ್ಥಕ್ಷೇತ್ರದ ಗುಡ್ಡದ ಮೇಲೆ ನಿಂತಿರುವ ಕಲ್ಲಿನ ಮೂರ್ತಿಯ ಒಂದು ಬೆರಳು ನನ್ನ ಇಡೀ ಪಾದಕ್ಕಿಂತ ದೊಡ್ಡದು. ಜನ ಅದಕ್ಕೆ ಹಾಲೆರೆಯುತ್ತಾರೆ, ಹಣೆ ಹಚ್ಚುತ್ತಾರೆ. ಅದೇ ಜನ ಬಸ್ಸಿನಲ್ಲಿ ನನ್ನ ಪಾದ ಕಂಡರೆ ಸ್ವಲ್ಪ ಒಳಗೆ ಎಳೆದುಕೊಳ್ಳಲು ಹೇಳುತ್ತಾರೆ. ಪಾದಪೂಜೆಯ ಫಲ ಬೇಕೆಂದರೆ ಮೊದಲು ಕಲ್ಲಾಗಬೇಕು, ಮತ್ತು ಬಸ್ಸು ಹತ್ತಬಾರದು.

ಇಂಥ ಪಾದಗಳಿಗೆ ಒಂದು ಕೆಲಸ ಕೊಡಬೇಕು ಎಂಬ ಹಟದಿಂದ ನಾನು ಯೂನಿಸೈಕಲ್ ತರಿಸಿದೆ. ಒಂದೇ ಗಾಲಿ, ಒಂದು ಸೀಟು, ಎರಡು ಪೆಡಲು; ಹಿಡಿಯಲು ಏನೂ ಇಲ್ಲ. ಡಬ್ಬಿ ಬಿಚ್ಚಿದ ದಿನ ಓಣಿಯವರೆಲ್ಲ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಯುವಕ ಮಂಡಳದ ಅಧ್ಯಕ್ಷರಾದ ರಾವಸಾಬ ಕಾಕಾ ಇಡೀ ಥರ್ಮಾಕೋಲನ್ನು ಎತ್ತಿ ಜಾಡಿಸಿ, "ತಮ್ಮಾ, ಇನ್ನೊಂದು ಗಾಲಿ ಯಾವಾಗ ಕಳಸ್ತಾರಂತ?" ಎಂದು ಕೇಳಿದರು. ಇಷ್ಟೇ ಬರುವುದು ಎಂದೆ. ಹಾಗಾದರೆ ನನಗೆ ಮೋಸವಾಗಿದೆ ಎಂದು ಅವರು ತೀರ್ಮಾನಿಸಿದರು. ಕಾಕಾಗೆ ಐವತ್ತೆಂಟು ವರ್ಷ. ಯುವಕ ಮಂಡಳಕ್ಕೆ ಅವರೇ ಏಕೆ ಅಧ್ಯಕ್ಷರೆಂದು ಯಾರೂ ಕೇಳಿಲ್ಲ. ಕೇಳುವ ವಯಸ್ಸಿನವರಿಗೆ ಇನ್ನೂ ಸದಸ್ಯತ್ವ ಸಿಕ್ಕಿಲ್ಲ.

ತಾರೀಖು, ಲೆಕ್ಕ ಬರೆದಿಡುವುದು ನನ್ನ ಚಟ. ಅದು ನನ್ನ ತಪ್ಪಲ್ಲ, ಬೆಳೆಯ ತಪ್ಪು. ನಮ್ಮದು ಅಥಣಿ–ಕಾಗವಾಡ ರಸ್ತೆಯ ಮಗ್ಗುಲಿನ ದ್ರಾಕ್ಷಿ ತೋಟ. ನಮ್ಮ ಕಡೆ ದ್ರಾಕ್ಷಿಯವರು ಎದುರಾದರೆ ಕ್ಷೇಮಸಮಾಚಾರದ ಬದಲು ಬಳ್ಳಿಯ ವಯಸ್ಸು ಕೇಳುತ್ತಾರೆ. ಕತ್ತರಿ ಹಾಕಿ ಬಳ್ಳಿ ಸವರುವ ಚಾಟಣಿ ಆದ ದಿನದಿಂದ ಎಣಿಕೆ ಶುರು. ಯಾವ ದಿನ ಯಾವ ಔಷಧಿ ಹೊಡೆದೆವು ಎಂಬುದೆಲ್ಲ ಬರಹದಲ್ಲಿರಬೇಕು. ಅದೇ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ ನನ್ನ ಬೀಳುವಿಕೆಯ ದಾಖಲೆಯೂ ಇದೆ. ಮೊದಲ ವಾರದ ಪ್ರತಿ ಸಾಲಿನಲ್ಲೂ ಒಂದೇ ಮಾತು: ಬಿದ್ದೆ. ಎರಡನೇ ವಾರ ಸ್ವಲ್ಪ ಪ್ರಗತಿ ಕಾಣುತ್ತದೆ: ಎಡಕ್ಕೆ ಬಿದ್ದೆ.

ಕಲಿತದ್ದು ಮಣೂಕದ ಶೆಡ್ಡಿನಲ್ಲಿ. ಹಸಿ ದ್ರಾಕ್ಷಿಯನ್ನು ಹರವಿ ಒಣಗಿಸಿ ಮಣೂಕ ಮಾಡಲು ಅಲ್ಲಿ ಒಂದರ ಮೇಲೊಂದು ಜಾಳಿಗೆಯ ಅಟ್ಟಗಳು, ನಡುವೆ ಕಬ್ಬಿಣದ ಕಂಬಗಳು, ಕೆಳಗೆ ಸಿಮೆಂಟಿನ ನೆಲ. ಹಂಗಾಮು ಬರುವ ತನಕ ಶೆಡ್ಡು ಖಾಲಿ. ಯೂನಿಸೈಕಲ್ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು: ಬಲಕ್ಕೆ ವಾಲಿದರೆ ಕಂಬ, ಎಡಕ್ಕೆ ವಾಲಿದರೆ ಜಾಳಿಗೆ. ಜಾಳಿಗೆ ನನ್ನನ್ನು ಹಿಡಿದು, ತೂಗಿ, ವಾಪಸು ಕೊಡುತ್ತಿತ್ತು.

ಬರೀ ಓಡಿಸಲು ಡಿಸೆಂಬರ್ ಮುಗಿಯುವುದರೊಳಗೆ ಬಂತು. ಆದರೆ ನನ್ನ ಮನಸ್ಸು ಒಂದು ಕಸರತ್ತಿನ ಮೇಲೆ ಕೂತಿತ್ತು. ಓಡುತ್ತಿರುವಾಗ ಎರಡೂ ಕಾಲನ್ನು ಪೆಡಲಿನಿಂದ ತೆಗೆದು ಟಾಯರಿನ ನೆತ್ತಿಯ ಮೇಲಿಟ್ಟು, ಒಂದಾದ ಮೇಲೊಂದು ಅಂಗಾಲಿನಿಂದ ಗಾಲಿಯನ್ನು ಮುಂದಕ್ಕೆ ತಳ್ಳುತ್ತ ಹೋಗುವುದು. ಕೂತಲ್ಲೇ ನಡೆದಂತೆ. ನಾನು ಇದಕ್ಕೆ ಗಾಲಿನಡಿಗೆ ಎಂದು ಹೆಸರಿಟ್ಟುಕೊಂಡೆ. ಮೊಬೈಲಿನಲ್ಲಿ ಇದನ್ನು ಕಲಿಸುವವರೆಲ್ಲ ಗುಬ್ಬಿಗಾಲಿನವರು. ಅವರ ಪಾದ ಟಾಯರಿನ ಮೇಲೆ ಬಂದು ಹೋಗುವುದು ಗೊತ್ತೇ ಆಗುವುದಿಲ್ಲ. ನನ್ನ ಒಂದು ಪಾದ ಅಲ್ಲಿ ಇಳಿದರೆ ಇನ್ನೊಂದಕ್ಕೆ ಜಾಗವೇ ಉಳಿಯುವುದಿಲ್ಲ. ಹಿಂದೆ ಸರಿಸಿದರೆ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಚಿಮಟಾಕ್ಕೆ ಹಿಮ್ಮಡಿ ತಗುಲುತ್ತದೆ. ಮುಂದೆ ಸರಿಸಿದರೆ ಪಾದ ಗಾಲಿಯ ಜೊತೆ ಕೆಳಗೆ ಹೋಗುತ್ತದೆ, ಪಾದದ ಹಿಂದೆ ನಾನೂ. ಬೂಟು ಬಿಟ್ಟು ಬರಿಗಾಲಿನಲ್ಲಿ, ಹಿಮ್ಮಡಿ ಎತ್ತಿ, ಅಂಗಾಲಿನ ಮುಂಭಾಗದಿಂದ ಮಾತ್ರ ತಳ್ಳಬೇಕೆಂದು ತಿಳಿಯುವಷ್ಟರಲ್ಲಿ ಜನವರಿಯ ಅರ್ಧ ಹೋಗಿತ್ತು. ಕಂಬ ಹಿಡಿದು ಮೂರು ಹೆಜ್ಜೆ ಬರುತ್ತಿತ್ತು. ಕಂಬ ಬಿಟ್ಟರೆ ಒಂದೂ ಇಲ್ಲ.

ಅಷ್ಟರಲ್ಲಿ ಕಾಕಾ ಹೊರಗಿನಿಂದ ಜಾಳಿಗೆಯ ಸಂದಿಯಲ್ಲಿ ನನ್ನನ್ನು ನೋಡಿದರು. ಅವರಿಗೆ ನಾನು ಕಂಡೆ, ಕಂಬ ಕಾಣಲಿಲ್ಲ. ಅದೇ ಸಂಜೆ ಮಂಡಳದ ವಾರ್ಷಿಕ ಗ್ಯಾದರಿಂಗಿನಲ್ಲಿ ನನ್ನ ಪ್ರದರ್ಶನ ಎಂದು ನಿರ್ಣಯವಾಯಿತು. ಇನ್ನೂ ಬರುವುದಿಲ್ಲ ಎಂದು ಹೇಳಿದೆ. ಬರದಿದ್ದರೂ ಸತ್ಕಾರ ಆಗಲಿ, ಹುಮ್ಮಸ್ಸು ಬರುತ್ತದೆ ಎಂದರು.

ನಮ್ಮ ಕಡೆಯ ಸತ್ಕಾರದ ಬಗ್ಗೆ ಹೊರಗಿನವರಿಗೆ ಎರಡು ಮಾತು ಹೇಳಬೇಕು. ಶಾಲು, ತಲೆಗೆ ಫೇಟಾ, ತೆಂಗಿನಕಾಯಿ, ಹಾರ. ಇವು ನಾಲ್ಕು ಇದ್ದರೆ ಕಾರ್ಯಕ್ರಮ ಇದ್ದಂತೆ. ಇವು ಮುಗಿದ ಮೇಲೆ ಉಳಿದದ್ದು ನಡೆದರೂ ಸೈ, ನಡೆಯದಿದ್ದರೂ ಸೈ. ಮೊದಲು ಅತಿಥಿಗಳಿಗೆ ಸತ್ಕಾರ, ಆಮೇಲೆ ಅತಿಥಿಗಳಿಂದ ಸತ್ಕಾರ, ಆಮೇಲೆ ಸತ್ಕಾರ ಮಾಡಿದವರಿಗೆ ಸತ್ಕಾರ ಆಗಿಲ್ಲವೆಂದು ನೆನಪಾಗಿ ಅವರಿಗೊಂದು. ಭಾಷಣ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ; ಎರಡೂ ಬರುವ ಸಭಿಕರು ಎರಡು ಸಲವೂ ಚಪ್ಪಾಳೆ ತಟ್ಟುತ್ತಾರೆ. ಇನ್ನು ಫ್ಲೆಕ್ಸು. ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ನನಗೆ ಶುಭ ಕೋರಿದ ಮೂವತ್ತು ಜನರ ಮುಖಗಳು ನನ್ನ ಮುಖಕ್ಕಿಂತ ದೊಡ್ಡವಾಗಿದ್ದವು. ನಾನು ಕೆಳಗೆ ಮೂಲೆಯಲ್ಲಿ ಸೈಕಲ್ ಮೇಲಿದ್ದೆ. ಸೈಕಲ್ಲಿಗೆ ಎರಡು ಗಾಲಿ ಇದ್ದವು. ಫೋಟೋದಲ್ಲಿ ಒಂದು ಗಾಲಿ ಕಟ್ಟಾಗಿದೆ ಎಂದುಕೊಂಡು ಪ್ರಿಂಟಿಂಗಿನವರು ಪುಣ್ಯಕ್ಕೆಂದು ಸೇರಿಸಿಕೊಟ್ಟಿದ್ದರು.

ಇದೆಲ್ಲವನ್ನೂ ನಾನು ತಮಾಷೆಯಾಗಿ ತೆಗೆದುಕೊಳ್ಳಬಹುದಿತ್ತು, ಅವ್ವ ಒಂದು ಮಾತು ಹೇಳದಿದ್ದರೆ. ಶಾಲೆಯಿಂದ ನಾನು ಪಾದದ ಕಾರಣಕ್ಕೆ ಅಳುತ್ತ ಬಂದಾಗೆಲ್ಲ, ದೊಡ್ಡ ಕಾಲು ಗಟ್ಟಿ ನಿಲ್ಲುತ್ತವೆ ಎಂದು ಹೇಳಿ ಕಳಿಸಿದವಳು ಅವಳು. ಗ್ಯಾದರಿಂಗಿನ ಹಿಂದಿನ ದಿನ ಅಂಗಳ ಗುಡಿಸುತ್ತ, "ನಿನ್ನ ಕಾಲ ನೋಡಿ ಮಂದಿ ಚಪ್ಪಾಳಿ ಹೊಡೆಯೂದು ನಾ ಒಮ್ಮೆ ನೋಡಬೇಕ ನೋಡಪಾ," ಎಂದಳು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ಊರಿನ ಮುಂದೆ ಬೀಳಲು ನಾನು ಸಿದ್ಧನಿದ್ದೆ. ಅದಕ್ಕೆ ನನ್ನಲ್ಲಿ ಸಾಕಷ್ಟು ಅನುಭವವೂ ಇತ್ತು. ಅವಳ ಮುಂದೆ ಮಾತ್ರ, ಕಂಬವಿಲ್ಲದೆ, ಎರಡೇ ಎರಡು ಹೆಜ್ಜೆಯಾದರೂ ನಡೆಯಬೇಕಿತ್ತು.

ಶನಿವಾರ ನಾಲ್ಕು ಗಂಟೆಗೆ ಕಾರ್ಯಕ್ರಮ ಶುರು. ಅವ್ವ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಳು. ನನಗೆ ಐದಕ್ಕೇ ಸತ್ಕಾರವಾಯಿತು, ಮಾಡಲಿರುವ ಸಾಧನೆಗಾಗಿ. ಫೇಟಾ ಸುತ್ತಿಸಿಕೊಂಡು ಬರಿಗಾಲಿನಲ್ಲಿ ಗಾಲಿ ಹಿಡಿದು ವೇದಿಕೆಯ ಹಿಂದೆ ನಿಂತೆ. ನಿರೂಪಕರು ಇನ್ನು ಕೆಲವೇ ಕ್ಷಣಗಳಲ್ಲಿ ನನ್ನ ಪ್ರದರ್ಶನ ಎಂದರು. ಸತ್ಕಾರಗಳು ಸಾಗಿದವು. ಟ್ರ್ಯಾಕ್ಟರನ್ನು ಹಿಮ್ಮುಖ ಓಡಿಸುವ ಶರ್ಯತ್ತಿನಲ್ಲಿ ಗೆದ್ದವರಿಗೆ, ಸೋತವರಿಗೆ, ಟ್ರ್ಯಾಕ್ಟರಿನ ಮಾಲೀಕರಿಗೆ. ಹೊತ್ತು ಇಳಿಯತೊಡಗಿತು. ನಮ್ಮ ಊರಲ್ಲಿ ಅರ್ಧ ಮನೆಗಳು ನಮ್ಮಂಥ ಜೈನರವು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಆರು ಗಂಟೆಗೆ ಆ ಅರ್ಧ ಸಭೆ ಎದ್ದು ಹೋಯಿತು, ಅವ್ವನೂ. ಅವರು ಬಂದು ಕೂತ ಮೇಲೆ, ಎಂಟರ ಸುಮಾರಿಗೆ, ಉಳಿದ ಅರ್ಧ ಸಭೆ ಊಟಕ್ಕೆ ಹೋಯಿತು. ಸ್ಪೀಕರಿನ ಪರವಾನಗಿ ಹತ್ತರ ತನಕ. ಹತ್ತಕ್ಕೆ ಐದು ನಿಮಿಷವಿದ್ದಾಗ, ನನ್ನನ್ನು ಕರೆಯದೆಯೇ, ವಂದನಾರ್ಪಣೆ. ಅದನ್ನು ಹಿಂದಿನ ದಿನವೇ ಬರೆದಿಟ್ಟಿದ್ದರು. ಅದರಲ್ಲಿ, ಒಂದೇ ಗಾಲಿಯ ಮೇಲೆ ಮೈ ನವಿರೇಳಿಸುವ ಪ್ರದರ್ಶನ ನೀಡಿದ್ದಕ್ಕಾಗಿ ನನಗೆ ಹೃತ್ಪೂರ್ವಕ ಧನ್ಯವಾದಗಳಿದ್ದವು. ಜೋರಾಗಿ ಚಪ್ಪಾಳೆ ಬಿತ್ತು. ದೀಪ ಆರಿದವು.

ಎಲ್ಲರೂ ಏಕೆ ತಟ್ಟಿದರು ಎಂದು ನಾನು ಲೆಕ್ಕ ಹಾಕಿ ನೋಡಿದೆ. ಬೇಗ ಉಂಡವರು, ತಾವು ಉಣ್ಣಲು ಹೋದಾಗ ಪ್ರದರ್ಶನ ಆಗಿಹೋಯಿತು ಎಂದುಕೊಂಡಿದ್ದರು. ತಡವಾಗಿ ಉಂಡವರೂ ಹಾಗೆಯೇ ಎಂದುಕೊಂಡಿದ್ದರು. ಊಟಕ್ಕಾಗಿ ಇಂಥದ್ದನ್ನು ತಪ್ಪಿಸಿಕೊಂಡೆ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಆದ್ದರಿಂದ ಎಲ್ಲರೂ ನೋಡಿದ್ದರು. ಭಾನುವಾರ ಇಡೀ ದಿನ ನನ್ನನ್ನು ಹೊಗಳಿದರು. ಒಬ್ಬರು ನಾನು ಮೂರು ಸುತ್ತು ಹೊಡೆದೆ ಎಂದರು, ಇನ್ನೊಬ್ಬರು ಐದು. ನಾನು ಏನೂ ಮಾಡಲಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಎಷ್ಟು ವಿನಯ ಎಂದರು. ಕಾಕಾಗೆ ಬಿಡಿಸಿ ಹೇಳಿದೆ. ಅವರು ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಇಷ್ಟು ದೊಡ್ಡ ಕಲಾವಿದ ಆದ್ರೂ ಸೊಕ್ಕ ಬಂದಿಲ್ಲ ನಿನಗ. ಬೋರಗಾಂವದವ್ರೂ ಸತ್ಕಾರಕ್ಕ ಕರ್ಯಾಕತ್ತಾರ," ಎಂದರು. ನಿಜ ಹೇಳಿದಷ್ಟೂ ನನ್ನ ಕೀರ್ತಿ ಬೆಳೆಯುತ್ತಿತ್ತು. ಮಧ್ಯಾಹ್ನದ ನಂತರ ಹೇಳುವುದನ್ನು ಬಿಟ್ಟೆ.

ಹೊಗಳದೆ ಉಳಿದವಳು ಅವ್ವ ಒಬ್ಬಳೇ. ತಾಟು ತಂದಿಟ್ಟ ಸಪ್ಪಳದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಇವತ್ತು ಬೆಳಿಗ್ಗೆ ಚಹಾ ಕೊಡುವಾಗ ಬಾಯಿ ಬಿಟ್ಟಳು.

"ಎರಡ ತುತ್ತು ತಿಂದು ಬರೂತನಾ ನಿಂದ್ರಾಕ ಆಗಲಿಲ್ಲಲ್ಲೋ ನಿನಗ. ಊರ ಮಂದಿ ಎಲ್ಲಾ ನೋಡೇತಿ. ಹಡದಾಕಿ ನಾನೊಬ್ಬಾಕಿ ನೋಡಿಲ್ಲ."

"ಅವ್ವಾ, ಯಾರೂ ನೋಡಿಲ್ಲ ಬೇ. ನಾ ಮಾಡೇ ಇಲ್ಲ."

"ಸುಳ್ಳ ಹೇಳಬ್ಯಾಡ. ಬಾಜೂಮನಿ ಅಕ್ಕಾ ಕಣ್ಣಾರೆ ನೋಡ್ಯಾಳಂತ. ಒಂದ ಸಲಾನೂ ಬೀಳಲಿಲ್ಲಂತ ನೀ."

ಇನ್ನು ಮಾತಿನಿಂದ ಆಗುವುದಿಲ್ಲವೆಂದು ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಮಣೂಕದ ಬುಟ್ಟಿ ಬೋರಲು ಹಾಕಿ ಕೂರಿಸಿದೆ. ಬರಿಗಾಲಿನಲ್ಲಿ ಹತ್ತಿದೆ, ಕಂಬಗಳ ನಡುವಿನ ದಾರಿಯಲ್ಲಿ ಒಂದು ಸುತ್ತು ಬಂದೆ, ಅವಳ ಎದುರು ಬಂದಾಗ ಕಾಲುಗಳನ್ನು ಪೆಡಲಿನಿಂದ ಬಿಡಿಸಿದೆ. ಬಲಗಾಲು ಟಾಯರಿನ ಮೇಲೆ. ಎಡಗಾಲು. ಮತ್ತೆ ಬಲಗಾಲು. ಕೈ ಗಾಳಿಯಲ್ಲಿತ್ತು, ಕಂಬದ ಮೇಲೆ ಇರಲಿಲ್ಲ. ಮತ್ತೆ ಎಡಗಾಲು ಬರಬೇಕಾದಾಗ ಹಿಮ್ಮಡಿ ಚಿಮಟಾಕ್ಕೆ ಸಿಕ್ಕಿತು. ಗಾಲಿ ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಈ ಸಲ ಜಾಳಿಗೆ ತಪ್ಪಿ ಸಿಮೆಂಟೇ ಸಿಕ್ಕಿತು, ಮೊಣಕೈ ತರಚಿತು.

ಅವ್ವ ಎದ್ದು ಬಂದು ನನ್ನನ್ನು ಎಬ್ಬಿಸಲಿಲ್ಲ. ಅಲ್ಲೇ ನಿಂತು ನನ್ನನ್ನೂ ಗಾಲಿಯನ್ನೂ ಒಂದೊಂದಾಗಿ ನೋಡಿದಳು. ಮುಖದ ಮೇಲೆ ನಿಧಾನಕ್ಕೆ ಬೆಳಕು ಬಂತು.

"ಇಷ್ಟ ಬರತೈತೇನ ನಿನಗ?"

"ಇಷ್ಟಽ ಬೇ."

"ಹಂಗಾರ ಶನಿವಾರ ನೀ ಖರೇನ ಮಾಡಿಲ್ಲ ಬಿಡು," ಎಂದು ನಕ್ಕಳು. "ನಾ ಏನೂ ಕಳಕೊಂಡಿಲ್ಲ." ಆಮೇಲೆ ಇಬ್ಬರೇ ಇದ್ದ ಆ ಖಾಲಿ ಶೆಡ್ಡಿನಲ್ಲಿ, ಬಿದ್ದುಕೊಂಡೇ ಇದ್ದ ನನ್ನ ಪಾದಗಳನ್ನು ನೋಡುತ್ತ ಚಪ್ಪಾಳೆ ತಟ್ಟಿದಳು.

ಎರಡು ದಿನದಿಂದ ನನ್ನ ನಿಜವನ್ನು ಯಾರೂ ನಂಬಿರಲಿಲ್ಲ. ನಂಬಿಸಲು ಕೊನೆಗೆ ಬೀಳಬೇಕಾಯಿತು. ಇಡೀ ಊರು ನೋಡಿದ ಐದು ಸುತ್ತುಗಳನ್ನು ನಾನು ವಹಿಯಲ್ಲಿ ಬರೆದಿಲ್ಲ. ಇವತ್ತಿನ ತಾರೀಖಿನ ಮುಂದೆ ಹೀಗಿದೆ: ಕಂಬವಿಲ್ಲದೆ ಮೂರು ಹೆಜ್ಜೆ, ನೋಡಿದವರು ಒಬ್ಬರು.

ಇನ್ನು ಮೂರು ವಾರಕ್ಕೆ ದ್ರಾಕ್ಷಿ ಕೊಯ್ಲು ಶುರುವಾಗಿ ಶೆಡ್ಡು ತುಂಬುತ್ತದೆ. ಅಷ್ಟರಲ್ಲಿ ನಾಲ್ಕನೇ ಹೆಜ್ಜೆ ಆಗಬೇಕು. ಅವ್ವ ದಿನಾ ಬೆಳಿಗ್ಗೆ ಬಂದು ಕೂರುತ್ತೇನೆ ಎಂದಿದ್ದಾಳೆ. ಎರಡನೆಯ ಸಲ ಎಡಗಾಲು ತರುವಾಗ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕೋ ಒಳಕ್ಕೋ ಎಂಬುದು ನನಗಿನ್ನೂ ತಿಳಿದಿಲ್ಲ. ಹನ್ನೆರಡು ನಂಬರು ಅಥವಾ ಅದಕ್ಕೂ ಮೇಲಿನ ಪಾದದವರು ಯಾರಾದರೂ ಇದನ್ನು ಮಾಡಿದ್ದರೆ, ನೋಡಿದ್ದೇನೆ ಎನ್ನುವವರು ಬೇಡ, ಮಾಡಿದವರೇ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಎಷ್ಟು ಸಲ ಬಿದ್ದಿರಿ ಎಂಬುದನ್ನೂ ಬರೆಯಿರಿ.